ಅಂಗನವಾಡಿ ಕಾರ್ಯಕರ್ತೆಗೆ ಎಸ್‌ಎಸ್‌ಎಲ್‌ಸಿ ಸಾಕಾ? ಸ್ಪಷ್ಟನೆ

ಕೊಪ್ಪಳ, ಗಂಗಾವತಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಅಂಗನವಾಡಿ ಕಾರ್ಯಕರ್ತೆ ಆಗಬಹುದು. ತರಬೇತಿ ಏನೂ ಇಲ್ಲ, ಮಕ್ಕಳನ್ನು ನೋಡಿಕೊಂಡರೆ ಆಯ್ತು.' ಎರಡೂ ಮಾತು ತಪ್ಪು.

ಮೊದಲು ಎಸ್‌ಎಸ್‌ಎಲ್‌ಸಿ ಸಾಕಾಗಿತ್ತು, ನಿಜ. ಗೊಂದಲ ಹುಟ್ಟಿದ್ದೇ ಅಲ್ಲಿ. 2022ರಲ್ಲಿ ಕೇಂದ್ರ ಸರ್ಕಾರ 'ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0' ಮಾರ್ಗಸೂಚಿ ತಂದಿತು. ಈಗ ಹೊಸದಾಗಿ ಸೇರುವ ಕಾರ್ಯಕರ್ತೆಗೆ ಪಿಯುಸಿ ಬೇಕು. ಎಸ್‌ಎಸ್‌ಎಲ್‌ಸಿ ಕೇಳುವುದು ಸಹಾಯಕಿ ಹುದ್ದೆಗೆ. ಹಾಗಂತ ಸಹಾಯಕಿಯರು ನಿರಾಸೆ ಪಡಬೇಕಿಲ್ಲ. 5 ವರ್ಷ ದುಡಿದು ಅರ್ಹತೆ ಪಡೆದವರಿಗೆ ಕಾರ್ಯಕರ್ತೆ ಹುದ್ದೆಗಳಲ್ಲಿ ಅರ್ಧದಷ್ಟು ಬಡ್ತಿಗೆ ಇವೆ.

ಇನ್ನು ತರಬೇತಿ. 'ಸುಮ್ನೆ ಮಕ್ಕಳನ್ನು ಕೂರಿಸಿಕೊಳ್ಳುವ ಕೆಲಸ' ಅನ್ನುವ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಮಗುವಿನ ಮಿದುಳು ಜಾಸ್ತಿ ಬೆಳೆಯುವುದೇ 6 ವರ್ಷದೊಳಗೆ ಅಲ್ವಾ? ಅದಕ್ಕೇ 2023ರ ಮೇ ತಿಂಗಳಲ್ಲಿ 'ಪೋಷಣ್ ಭೀ, ಪಢಾಯಿ ಭೀ' (ಪೋಷಣೆಯೂ, ಕಲಿಕೆಯೂ) ಅನ್ನುವ ಕೇಂದ್ರದ ಕಾರ್ಯಕ್ರಮ ಶುರುವಾಯಿತು; ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ಇದರಲ್ಲೇ. ಆಟದ ಮೂಲಕ ಕಲಿಸುವುದು, ಅಂಗವಿಕಲ ಮಕ್ಕಳನ್ನು ಬೇಗ ಗುರುತಿಸುವುದು, ಇವೆಲ್ಲ ಅದರ ಭಾಗ. ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್‌ನಲ್ಲಿ ತುಂಬುವುದನ್ನೂ ಕಲಿತೇ ಮಾಡಬೇಕು.

ಅರ್ಜಿ ಹಾಕುವ ಮುಂಚೆ ನಿಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಒಮ್ಮೆ ಕೇಳಿ ಬನ್ನಿ.