ಹರಿದ ಪೇಪರಿನ ಉಳಿದರ್ಧ

ದಾವಣಗೆರೆಲಿ ಕೂತು ಕತೆ ಬರೀತೀನಿ ಅಂದ್ರೆ ಜನ ಮೊದ್ಲು ಕೇಳೋದು "ಇಲ್ಲೇನೈತಿ ಬರಿಯಾಕೆ?" ಅಂತ. ನ್ಯಾಯವಾದ ಪ್ರಶ್ನೆನೇ ಬಿಡ್ರಿ. ಮಲೆನಾಡಿನವ್ರಿಗೆ ಮಳೆ ಐತೆ, ಕರಾವಳಿಯವ್ರಿಗೆ ಕಡಲೈತೆ, 60 ಕಿಲೋಮೀಟರ್ ಆಚೆ ದುರ್ಗದವ್ರಿಗಂತೂ ಯಾವ ಬಂಡೆಗೆ ಬೆನ್ನು ಕೊಟ್ಟು ಕೂತ್ರೂ ಒಂದು ಕತೆ ಸಿಗುತ್ತೆ. 1997ರಲ್ಲಿ ಜಿಲ್ಲೆ ಬೇರೆ ಆದಾಗ ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿ ಎಲ್ಲಾ ಅವ್ರ ಪಾಲಿಗೆ ಹೋಯ್ತು, ನಮ್ಮ ಪಾಲಿಗೆ ಉಳಿದಿದ್ದು ಮುಚ್ಚಿದ ಕಾಟನ್ ಮಿಲ್ಲು, ಬೆಣ್ಣೆದೋಸೆ ಮತ್ತೆ ಮಂಡಕ್ಕಿ. ತ.ರಾ.ಸು. 1920ರಲ್ಲಿ ಹುಟ್ಟಿದ್ದು ಈಗ ನಮ್ಮ ಜಿಲ್ಲೆಲಿರೋ ಮಲೇಬೆನ್ನೂರಲ್ಲಿ, ಆದ್ರೆ ಅವ್ರ ಪೆನ್ನು ಹೋಗಿ ನಿಂತಿದ್ದು ದುರ್ಗದಲ್ಲಿ. ಏನ್ ಮಾಡಕ್ಕಾಗುತ್ತೆ.

ಸ್ಫೂರ್ತಿ ಬೇಕಾ, ವಾಕಿಂಗ್ ಹೋಗು ಅಂತಾರೆ. ಕುಂದವಾಡ ಕೆರೆ ಏರಿ ಮೇಲೆ ಹೋದೆ. ಹಿಂದೆ ಮುಂದೆ ಶುಗರು, ಮೊಣಕಾಲು, ಸೈಟಿನ ರೇಟು. ಕತೆ ಸಿಗ್ಲಿಲ್ಲ, ಸೈಟಿನ ರೇಟು ಗೊತ್ತಾಯ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬರಿ ಅನ್ನೋರೂ ಇದಾರೆ, ಅವ್ರ ಸುದ್ದಿ ಬೇಡ.

ನನಗೆ ಸಿಕ್ಕಿದ್ದು ಮಂಡಕ್ಕಿ ಪೊಟ್ಟಣದಲ್ಲಿ. ಮಂಡಕ್ಕಿಲಿ ಅಲ್ಲ, ಪೊಟ್ಟಣದಲ್ಲಿ. ನಮ್ಮೂರಲ್ಲಿ ಮಂಡಕ್ಕಿ ಮಾಡೋ ಭಟ್ಟಿಗಳದ್ದೇ ಒಂದು ಏರಿಯಾ ಐತೆ, ಕಾದ ಮರಳಲ್ಲಿ ಅಕ್ಕಿ ಚಟಚಟ ಅಂತ ಅರಳೋದನ್ನ ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಆದ್ರೆ ಅದನ್ನ ಬರೆಯೋಕೆ ನನಗಿಂತ ಬಲ್ಲೋರು ಬೇಕಾದಷ್ಟು ಜನ ಇದಾರೆ. ನಾನು ಹೇಳ್ತಿರೋದು ಸಂಜೆ ರಾಂ ಅಂಡ್ ಕೋ ಸರ್ಕಲ್ ಕಡೆ ಗಾಡಿ ಹತ್ರ ನಿಂತಾಗ ಬಿಸಿ ಮೆಣಸಿನಕಾಯಿ ಜೊತೆ ಕೈಗೆ ಬರ್ತಿದ್ದ ಆ ಕಾಗದದ ಬಗ್ಗೆ. ತಿಂದಾದ್ಮೇಲೆ ಎಲ್ರೂ ಅದನ್ನ ಮುದ್ದೆ ಮಾಡಿ ಎಸೀತಾರೆ, ನಾನು ಬಿಡಿಸಿ ಓದ್ತಿದ್ದೆ. ರದ್ದಿ ಅಂಗಡಿಯಿಂದ ಬಂದದ್ದು ಏನು ಬೇಕಾದ್ರೂ ಇರ್ಬಹುದು, ಹಳೇ ಪೇಪರು, ಲಗ್ನಪತ್ರಿಕೆ, ಯಾವುದೋ ಹುಡುಗನ ನೋಟ್ ಬುಕ್ಕು. ಒಂದ್ಸಲ "ನನ್ನ ಮೆಚ್ಚಿನ ಹಬ್ಬ" ಅಂತ ಪ್ರಬಂಧ ಸಿಕ್ಕಿತ್ತು, ಹುಡುಗ ಹೋಳಿಗೆವರೆಗೂ ಬಂದಿದ್ದ, ಅಷ್ಟರಲ್ಲಿ ಹಾಳೆ ಮುಗೀತು, ಪಕ್ಕದಲ್ಲಿ ಮೇಷ್ಟ್ರು ಕೆಂಪು ಇಂಕಲ್ಲಿ "ಕಾಗುಣಿತ ಗಮನಿಸು" ಅಂತ ಬರೆದಿದ್ರು. ಹೋಳಿಗೆ ತಿಂದ್ನೋ ಇಲ್ವೋ ಅನ್ನೋದು ಆ ಮೇಷ್ಟ್ರಿಗೆ ಮುಖ್ಯ ಅಲ್ಲ, ನನಗೆ ಅದೇ ಮುಖ್ಯ ಆಗಿ ರಾತ್ರಿ ನಿದ್ದೆ ಬರ್ಲಿಲ್ಲ.

ಪೂರ್ತಿ ಸಿಕ್ಕಿದ್ದನ್ನ ಓದಿ ಪಕ್ಕಕ್ಕಿಡ್ತೀವಿ, ಅರ್ಧ ಸಿಕ್ಕಿದ್ದು ಬೆನ್ನು ಹತ್ತುತ್ತೆ. ಒಂದು ತುಂಡಲ್ಲಿ ಒಂದು ಕಡೆ ಮೆಕ್ಕೆಜೋಳದ ಧಾರಣೆ, ತಿರುಗಿಸಿದ್ರೆ ಮದುವೆ ಶುಭಾಶಯದ ಅರ್ಧ ಫೋಟೋ, ಗಂಡು ಐತೆ ಹೆಣ್ಣಿಲ್ಲ. ಈ ಕಡೆ ರೇಟು ಬಿದ್ರೆ ಆ ಕಡೆ ಮದುವೆ ನಿಲ್ಲುತ್ತಲ್ಲಪ್ಪ ಅನ್ಸ್ತು, ಬರೆಯೋಕೆ ಕೂತೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದು ಕಾಣೆಯಾದವರ ಪ್ರಕಟಣೆ. "ಎಣ್ಣೆಗೆಂಪು ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಮನೆಯಿಂದ ಹೋಗುವಾಗ ಬಿಳಿ ಅಂಗಿ, ನೀಲಿ ಲುಂಗಿ ಧರಿಸಿದ್ದು, ಕನ್ನಡ ಮಾತನಾಡ" ಅಲ್ಲಿಗೆ ಹರಿದಿತ್ತು. ಹೆಸರಿನ ಜಾಗದಲ್ಲಿ ಎಣ್ಣೆ. ಮನೆಗೆ ಬಂದು ಆ ಮನುಷ್ಯನಿಗೆ ಹೆಂಡ್ತಿ ಜೊತೆ ಜಗಳ ಆಡಿಸ್ದೆ, ರೈಲ್ವೆ ಸ್ಟೇಷನ್ನಿಗೆ ಕಳಿಸ್ದೆ, ಮಳೆ ಸುರಿಸ್ದೆ, ಸಿಕ್ಕ ಟ್ರೇನು ಹತ್ತಿಸ್ದೆ. ಅವ್ವ ಅಕ್ಕಿ ಆರಿಸ್ತಾ ಕೂತಿದ್ಲು, ಪೂರ್ತಿ ಓದಿ ಹೇಳ್ದೆ. ಕೇಳಿದ್ಮೇಲೆ ಮೊರ ತಟ್ಟಿ ಒಂದೇ ಮಾತು: "ಚಪ್ಲಿ ಮೆಟ್ಕಂಡು ಹೋದ್ನಾ, ಬರಿಗಾಲಲ್ಲಿ ಹೋದ್ನಾ?"

ಅಲ್ಲಿಗೆ ನನ್ನ ಟ್ರೇನು ಹಳಿ ಬಿಡ್ತು. ಚಪ್ಪಲಿ ಮೆಟ್ಟಿದ್ರೆ ಅವ್ನು ಹೊರಟೇ ಹೋದವ್ನು. ಬರಿಗಾಲಲ್ಲಿ ಹೋಗಿದ್ರೆ ಬೀಡಿ ತರೋಕೋ ಯಾರೋ ಕರೆದ್ರು ಅಂತಲೋ ಮೂಲೆವರೆಗೆ ಹೋದವ್ನು, ಮನೇಲಿ ಅನ್ನಕ್ಕೆ ಎಸರಿಟ್ಟಾಗಿದೆ. ಜಗಳ ತೆಗೆದೆ, ಮಳೆ ತೆಗೆದೆ, ಸ್ಟೇಷನ್ನೂ ತೆಗೆದೆ, ಮೆಟ್ಟಿಲ ಹತ್ರ ಬಿದ್ದಿರೋ ಚಪ್ಪಲಿಯನ್ನ ಅವ್ನ ಹೆಂಡ್ತಿ ದಿನಾ ಒಂದೇ ಕಡೆ ಸರಿಮಾಡಿಟ್ಟು ಕಸ ಗುಡಿಸ್ತಾಳೆ, ಅಷ್ಟರಿಂದ ಕತೆ ಶುರು ಮಾಡ್ದೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಬರವಣಿಗೆ ಶಿಬಿರಕ್ಕೆ ದುಡ್ಡು ಕಟ್ಟಿ ಹೋಗಿದ್ದೆ, ಅಲ್ಲಿ ಪಾತ್ರಪೋಷಣೆ ಅಂತ ಮಧ್ಯಾಹ್ನದವರೆಗೆ ಹೇಳಿದ್ರು, ಚಪ್ಪಲಿ ವಿಷಯ ಯಾರೂ ಎತ್ತಲಿಲ್ಲ.

ಈಗ ಆ ಕಾಗದವೂ ಅಪರೂಪ ಆಗ್ತಿದೆ. ಪೇಪರಲ್ಲಿ ತಿಂಡಿ ಕಟ್ಬೇಡಿ ಅಂತ 2023ರಲ್ಲಿ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನವರು ಮತ್ತೆ ಎಚ್ಚರಿಕೆ ಕೊಟ್ರು, ಇಂಕಲ್ಲಿ ಸೀಸ ಇರುತ್ತೆ, ಬಿಸಿ ಎಣ್ಣೆ ಪದಾರ್ಥಕ್ಕೆ ಇಳಿಯುತ್ತೆ ಅಂತ. ಸರಿನೇ ಹೇಳಿದಾರೆ, ನಾನೂ ಮಕ್ಕಳಿಗೆ ಅದ್ರಲ್ಲಿ ಕೊಡಿಸಲ್ಲ. ನಾನು ನಿಲ್ಲೋ ಗಾಡಿಯವನು ಈಗ ಬಿಳಿ ಹಾಳೆ ತಂದಿದಾನೆ. ಬಿಳಿ ಹಾಳೆ ಮನೇಲೇ ರಾಶಿ ಬಿದ್ದಿದೆಯಲ್ಲ, ಅದನ್ನ ನೋಡಕ್ಕಾಗ್ದೆ ತಾನೇ ನಾನು ಮಂಡಕ್ಕಿ ತಿನ್ನೋಕೆ ಬರೋದು!

ಹಂಗಾಗಿ ಅರ್ಧ ಸಿಗೋ ಬೇರೆ ಜಾಗ ಹುಡುಕ್ತಾ ಹೋದಾಗ, ಹೋದ ಚಳಿಗಾಲ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ ನಿಂತೆ. (ದುರ್ಗ ಜಿಲ್ಲೆನೇ, ಹೌದು. ಕೊನೆಗೂ ಅವ್ರ ಬಂಡೆನೇ ಬೇಕಾಯ್ತು.) ಅಲ್ಲಿ ಅಶೋಕನ ಶಾಸನ ಐತೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಹಿಂಗೆ ಸಾಮ್ರಾಟನ ಬುದ್ಧಿಮಾತು. ಅದೆಲ್ಲಾ ಆದ್ಮೇಲೆ ಕೊನೇಲಿ ಇದನ್ನ ಬರೆದದ್ದು ಲಿಪಿಕಾರ ಚಪಡ ಅಂತ ಐತೆ ನೋಡ್ರಿ. ಪೂರ್ತಿ ಶಾಸನ ಬ್ರಾಹ್ಮಿಲಿ, ಅವ್ನ ಕಸುಬು ಹೇಳೋ ಕಡೇ ಪದ ಮಾತ್ರ ಖರೋಷ್ಠಿಲಿ, ಬಲದಿಂದ ಎಡಕ್ಕೆ ಬರೆಯೋ, ದೂರದ ವಾಯವ್ಯದ ಗಾಂಧಾರದ ಕಡೆ ಬಳಕೇಲಿದ್ದ ಲಿಪಿ. ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳಲ್ಲೂ ಇದೇ ಚಪಡ. ಗಾಂಧಾರದ ಕಡೆಯಿಂದ ಬಂದವ್ನೇ ಇರ್ಬೇಕು, ಇಲ್ಲಾಂದ್ರೆ ಈ ಬಿಸಿಲಲ್ಲಿ ಖರೋಷ್ಠಿ ಯಾರಿಗೆ ಬೇಕು? ರಾಜನ ಮಾತು ಪೂರ್ತಿ ಐತೆ, ಅದಕ್ಕೇ ನನಗೆ ಅದ್ರಲ್ಲಿ ಆಸೆ ಹುಟ್ಲಿಲ್ಲ. ಇವ್ನ ಕತೆ ಒಂದೇ ಸಾಲಿಗೆ ನಿಂತಿದೆ.

ಬರೀತಿದೀನಿ. ಮೊದಲ ಪುಟ ಅವ್ವನಿಗೆ ಓದಿದ್ದಕ್ಕೆ, "ಅಷ್ಟು ದೂರದಿಂದ ಬಂದೋನಿಗೆ ಈ ಕಡೆ ಖಾರ ಹಿಡಿಸ್ತಾ?" ಅಂದ್ಲು. ಅವಾಗ ಮೆಣಸಿನಕಾಯೇ ಇರ್ಲಿಲ್ಲ ಕಣವ್ವ, ಅದು ಪೋರ್ಚುಗೀಸರು ಬಂದ್ಮೇಲೆ ಬಂದಿದ್ದು, 1500ರ ಈಚೆಗೆ, ಅಂತ ದೊಡ್ಡ ಪಂಡಿತನ ಹಂಗೆ ವಿವರಿಸ್ದೆ.

"ಕಾಳ್‌ಮೆಣಸು ಇತ್ತಲ್ಲ," ಅಂದ್ಲು ಅವ್ವ, "ಬರಿ."