ಸ್ಕ್ಯಾನ್ ಎಲ್ಲಿಂದ ಬಂತು ಅಂತ ಮೊದಲು ನೋಡಿ

ನಿಮ್ಮ ಲೇಖನದಲ್ಲಿ ‘ಪೋರ್ಟ್ ಸ್ಕ್ಯಾನ್ ಎಚ್ಚರಿಕೆ ಬಂತೆಂದರೆ ಯಾರೋ ನಿಮ್ಮನ್ನೇ ಗುರಿ ಮಾಡಿದ್ದಾರೆ, ತಕ್ಷಣ ಇಂಟರ್ನೆಟ್ ಕಿತ್ತುಹಾಕಿ’ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದನ್ನು ಓದಿ ಜನ ಸುಮ್ನೆ ಹೆದರುತ್ತಾರೆ. ಪೋರ್ಟ್ ಅಂದರೆ ನೆಟ್ವರ್ಕಿನಿಂದ ಕಂಪ್ಯೂಟರಿಗೆ ಬರುವ ನಂಬರಿರುವ ಬಾಗಿಲು; ಯಾವುದು ತೆರೆದಿದೆ ಅಂತ ತಟ್ಟಿ ನೋಡುವುದೇ ಪೋರ್ಟ್ ಸ್ಕ್ಯಾನ್. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಮಾಡಿದ ತಂತ್ರಾಂಶ ಝಡ್‌ಮ್ಯಾಪ್, ಒಂದೇ ಕಂಪ್ಯೂಟರಿನಿಂದ ಅವುಗಳಲ್ಲಿ ಬಹುತೇಕ ವಿಳಾಸಗಳ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡುತ್ತಿತ್ತು. ಬೀದಿಯ ಎಲ್ಲ ಬಾಗಿಲನ್ನೂ ತಟ್ಟುತ್ತಾ ಹೋಗುವವನಿಗೆ ಅದು ನಿಮ್ಮ ಮನೆ ಅಂತ ಗೊತ್ತೇ ಇರುವುದಿಲ್ಲ, ಅಲ್ವಾ? ‘ತಡೆಯಲಾಗಿದೆ’ ಎಂದು, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಹೇಳಿದರೆ ಅದು ತನ್ನ ಕೆಲಸ ಮಾಡಿದೆ, ಅಷ್ಟೇ.

ಆದರೆ ಸ್ಕ್ಯಾನ್ ಮಾಡಿದ ವಿಳಾಸ 192.168 ಎಂದು ಶುರುವಾದರೆ ಕಣ್ಣುಬಿಟ್ಟು ನೋಡಿ. ಅದು ಮನೆಯೊಳಗಿನದೇ. ಹೊರಗಿನವರ ತಟ್ಟಾಟ ಸಾಮಾನ್ಯವಾಗಿ ರೌಟರ್ ಹತ್ತಿರವೇ ನಿಂತುಹೋಗುತ್ತದೆ, ಕಂಪ್ಯೂಟರ್‌ವರೆಗೆ ಬರುವುದಿಲ್ಲ. ನನಗೆ ಹೋದ ವರ್ಷ ಮೂರು ರಾತ್ರಿ ಸತತವಾಗಿ 192.168.1.7ರಿಂದ ಎಚ್ಚರಿಕೆ ಬಂತು. ರೌಟರ್ ಪುಟ ತೆರೆದು, ಸೇರಿಕೊಂಡಿರುವ ಸಾಧನಗಳ ಪಟ್ಟಿಯಲ್ಲಿ ಒಂದೊಂದನ್ನೇ ತಾಳೆ ನೋಡಿದೆ. ಮಗನ ಫೋನ್! ವೈಫೈಯಲ್ಲಿ ಯಾರ್‍ಯಾರು ಇದ್ದಾರೆ ಅಂತ ಹುಡುಕುವ ಆಪ್ ಹಾಕಿಕೊಂಡಿದ್ದ. ಅದನ್ನು ತೆಗೆದ ಮೇಲೆ ಎಚ್ಚರಿಕೆ ನಿಂತಿತು.

ನಿಜಕ್ಕೂ ಭಯಪಡಬೇಕಾದ್ದು ತೆರೆದಿಟ್ಟ ಬಾಗಿಲಿಗೆ. ಆಫೀಸ್ ಕೆಲಸಕ್ಕೆಂದು ರೌಟರ್‌ನಲ್ಲಿ 3389 ಪೋರ್ಟ್ (ದೂರದಿಂದಲೇ ವಿಂಡೋಸ್ ಕಂಪ್ಯೂಟರ್ ನಡೆಸಲು ಬಳಸುವ ಬಾಗಿಲು) ತೆರೆದು ಮರೆತವರು ಎಷ್ಟೋ ಜನ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹರಡಿದ್ದೂ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರ್‌ಗಳ ಮೂಲಕವೇ. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.