ಎಲೆಯ ಚಿತ್ರವಿದ್ದ ಬಿಸ್ಕತ್ತು, ವಾಪಸು ಹೋದ ಮೊಟ್ಟೆ

ನಿನ್ನೆ ಸಂಜೆ ದಿನಸಿ ತರಲು ಹೋದಾಗ ಬಿಲ್ ಕಟ್ಟುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾಯಿಯೂ ಆರೇಳು ವರ್ಷದ ಮಗುವೂ ನಿಂತಿದ್ದರು. ಬುಟ್ಟಿಯಲ್ಲಿ ಒಣಬಟಾಣಿ, ಓಟ್ಸ್, ಬಾಳೆಹಣ್ಣು, ಒಂದು ಡಜನ್ ಮೊಟ್ಟೆ ಇದ್ದವು. ಹಸಿರು ಎಲೆಯ ಚಿತ್ರವಿದ್ದ ಸಾವಯವ ಬಿಸ್ಕತ್ತಿನ ಪೊಟ್ಟಣವೊಂದನ್ನು ಮಗು ಎದೆಗೆ ಅವಚಿಕೊಂಡಿತ್ತು. ಒಟ್ಟು ಮೊತ್ತ ಕೇಳಿದೊಡನೆ ಆ ತಾಯಿ ಕೈಚೀಲವನ್ನು ಎರಡು ಸಲ ತಡಕಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೊಟ್ಟೆ, ಬಟಾಣಿ ತೆಗೆದುಬಿಡಿ, ಮುಂದಿನ ವಾರ ನೋಡೋಣ. ಬಿಸ್ಕತ್ತು ಇರಲಿ, ಮಗುವಿಗಾದರೂ ಒಳ್ಳೆಯದು ಸಿಗಲಿ" ಎಂದರು. ಮೊಟ್ಟೆ ಕಪಾಟಿಗೆ ವಾಪಸು ಹೋಯಿತು, ಬಿಸ್ಕತ್ತು ಮನೆಗೆ ಹೋಯಿತು. ನಾನು ಬಾಯಿ ಬಿಡಲಿಲ್ಲ. ಪರಿಚಯವಿಲ್ಲದವರ ಬುಟ್ಟಿಯಲ್ಲಿ ಇಣುಕಿ ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಆದರೆ ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿಯೂ ನುಂಗಿಕೊಳ್ಳಲಾರೆ.

ನನ್ನ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಟ್ಟು ಸಾಲಿನಿಂದ ಹೊರಬಂದು, ಅದೇ ಬಿಸ್ಕತ್ತಿನ ಇನ್ನೊಂದು ಪೊಟ್ಟಣವನ್ನು ಹುಡುಕಿ ಅದರ ಬೆನ್ನು ಓದಿದೆ. ಅಕ್ಷರ ಎಷ್ಟು ಸಣ್ಣದೆಂದರೆ, ಕನ್ನಡಕ ಹಾಕಿಕೊಂಡಿದ್ದರೂ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಬೇಕಾಯಿತು; ಮುಂಬದಿಯ ಎಲೆ ಮಾತ್ರ ರಸ್ತೆಯಾಚೆಯಿಂದಲೂ ಕಾಣುವಷ್ಟು ದೊಡ್ಡದಿತ್ತು. ಸಾವಯವ ಮೈದಾ, ಸಾವಯವ ಸಕ್ಕರೆ, ಸಾವಯವ ತಾಳೆ ಎಣ್ಣೆ, ಸಾವಯವ ಗ್ಲೂಕೋಸ್ ಸಿರಪ್, ಸಾವಯವ ಮಾಲ್ಟೋಡೆಕ್ಸ್ಟ್ರಿನ್, ಲೆಸಿಥಿನ್, ನೈಸರ್ಗಿಕ ಪರಿಮಳ. ನೂರು ಗ್ರಾಮಿಗೆ ಸಕ್ಕರೆ 28 ಗ್ರಾಂ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ ತೂಗುತ್ತದೆ ಎಂದು ಹಿಡಿದರೆ ಅದು 7 ಚಮಚವಾಯಿತು. ಪಕ್ಕದಲ್ಲೇ ಇದ್ದ, ಎಲೆಯ ಭಾಗ್ಯವಿಲ್ಲದ ಬಡ ಬಿಸ್ಕತ್ತಿನಲ್ಲಿ 27 ಗ್ರಾಂ ಇತ್ತು. ಬೆಲೆಯಲ್ಲಿ ಮಾತ್ರ ಎರಡೂವರೆ ಪಟ್ಟು ಅಂತರ. ಆ ಅಂತರದಲ್ಲಿ ಒಂದು ಡಜನ್ ಮೊಟ್ಟೆಯೂ ಬಟಾಣಿಯೂ ಮಾಯವಾಗಿದ್ದವು.

ಇಪ್ಪತ್ತೆರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕಣ್ಣು ಸವೆಸಿದ ನನಗೆ ಇದು ಲೆಕ್ಕದ ಪುಸ್ತಕದಲ್ಲಿ ಎರಡು ಬೇರೆ ಬೇರೆ ಖಾತೆಗಳನ್ನು ಸೇರಿಸಿ ಬರೆದಂತೆ ಕಾಣುತ್ತದೆ. ಬೆಳೆಯನ್ನು ಹೇಗೆ ಬೆಳೆದರು ಎಂಬುದು ಒಂದು ಪ್ರಶ್ನೆ. ಬೆಳೆದ ಮೇಲೆ ಕಾರ್ಖಾನೆಯಲ್ಲಿ ಅದಕ್ಕೆ ಏನು ಮಾಡಿದರು ಎಂಬುದು ಇನ್ನೊಂದು ಪ್ರಶ್ನೆ. ಎಲೆಯ ಮುದ್ರೆ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ, ಎರಡನೆಯದರ ಬಗ್ಗೆ ಬಹುಮಟ್ಟಿಗೆ ಮೌನವಾಗಿರುತ್ತದೆ. ಸಾವಯವ ಕಬ್ಬಿನಿಂದ ತೆಗೆದ ಸಕ್ಕರೆ ನಾಲಿಗೆ ದಾಟಿ ಹೊಟ್ಟೆಗಿಳಿದ ಮೇಲೆ ಸಕ್ಕರೆಯೇ. ತನ್ನ ಕುಲಗೋತ್ರ ಹೇಳಿಕೊಂಡು ರಕ್ತದಲ್ಲಿ ಮೆಲ್ಲಗೆ ನಡೆಯುವುದಿಲ್ಲ. ಹಾಗಿದ್ದೂ ಎರಡು ಪ್ರಶ್ನೆಗಳನ್ನು ಒಂದೇ ಎಲೆಯ ಕೆಳಗೆ ಮಲಗಿಸಿ, ಕೈ ಬಿಗಿಯಿರುವ ತಾಯಿಯೊಬ್ಬಳಿಗೆ ಅಪರಾಧಪ್ರಜ್ಞೆಯನ್ನು ಮಾರುತ್ತಾರಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ಪೊಟ್ಟಣದ ಬೆನ್ನನ್ನು ಓದುವುದು ದೊಡ್ಡ ವಿದ್ಯೆಯೇನಲ್ಲ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಆಹಾರ ಮಾನದಂಡಗಳ ಅಂತರರಾಷ್ಟ್ರೀಯ ಸಂಹಿತೆಯಾದ ಕೋಡೆಕ್ಸ್‌ನ 1985ರ ಲೇಬಲ್ ನಿಯಮದಲ್ಲೇ ಇದೆ. ಬಹುತೇಕ ದೇಶಗಳು ಅದನ್ನೇ ಪಾಲಿಸುತ್ತವೆ. ಮೊದಲ ಮೂರು ಹೆಸರುಗಳನ್ನು ಓದಿದರೆ ಪೊಟ್ಟಣದ ಬಹುಪಾಲು ಗೊತ್ತಾಗುತ್ತದೆ. ಆದರೆ ಇದರಲ್ಲೂ ಒಂದು ಕೈಚಳಕವಿದೆ. ಸಿಹಿಯನ್ನು ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಹಣ್ಣಿನ ರಸದ ಸಾರ ಎಂದು ನಾಲ್ಕು ಹೆಸರಿನಲ್ಲಿ ಹಂಚಿದರೆ, ಒಟ್ಟಿಗೆ ಇದ್ದಿದ್ದರೆ ಪಟ್ಟಿಯ ನೆತ್ತಿಯ ಮೇಲೆ ಕೂರಬೇಕಾಗಿದ್ದದ್ದು ನಾಲ್ಕು ತುಂಡಾಗಿ ಕೆಳಗೆ ಚದುರಿಹೋಗುತ್ತದೆ. ನಮ್ಮ ಕಚೇರಿಯಲ್ಲಿ ಯಾರಾದರೂ ಒಂದೇ ಖರ್ಚನ್ನು ಹೀಗೆ ನಾಲ್ಕು ಶೀರ್ಷಿಕೆಯಡಿ ಹಂಚಿದ್ದರೆ ಅವರನ್ನು ಕರೆಸಿ ವಿಚಾರಿಸುತ್ತಿದ್ದೆವು. ಇಲ್ಲಿ ಅದೇ ಕೆಲಸಕ್ಕೆ ಎಲೆಯ ಚಿತ್ರ ಬಹುಮಾನವಾಗಿ ಸಿಗುತ್ತದೆ.

ಸಂಸ್ಕರಣೆ ಎಂಬ ಪದವನ್ನೇ ಬೈಗುಳವಾಗಿ ಬಳಸುವವರ ಪಂಗಡಕ್ಕೆ ನಾನು ಸೇರಿದವಳಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹಾಲು ಕಾಯಿಸುವುದು, ಕಾಳು ಒಣಗಿಸುವುದು, ಹಿಟ್ಟು ಬೀಸುವುದು, ಮೊಸರು ಹೆಪ್ಪಿಡುವುದು ಎಲ್ಲವೂ ಸಂಸ್ಕರಣೆಯೇ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಈ ಗೊಂದಲವನ್ನು ಬಿಡಿಸಲು ಆಹಾರವನ್ನು ಸಂಸ್ಕರಣೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುವ ದಾರಿಯೊಂದನ್ನು ಮುಂದಿಟ್ಟರು. ಈಗ ನಾಲ್ಕು ಗುಂಪುಗಳಿರುವ ಅದಕ್ಕೆ ನೋವಾ ಎಂದು ಹೆಸರು. ಅದರ ಪ್ರಕಾರ ಹೆಪ್ಪುಗಟ್ಟಿಸಿದ ತರಕಾರಿಯೂ ಪಾಶ್ಚರೀಕರಿಸಿದ ಹಾಲೂ ಸಕ್ಕರೆ ಬೆರೆಸದ ಮೊಸರೂ ಮೊದಲ ಗುಂಪಿನಲ್ಲೇ, ಅಂದರೆ ತಾಜಾ ಹಣ್ಣಿನ ಸಾಲಿನಲ್ಲೇ ಕೂರುತ್ತವೆ. ಮನೆಯ ಅಡುಗೆಮನೆಯಲ್ಲಿ ಎಂದೂ ಇರದ ಪದಾರ್ಥಗಳನ್ನು ಸೇರಿಸಿ ಕಾರ್ಖಾನೆಯಲ್ಲಿ ಕಟ್ಟಿದ ತಿನಿಸುಗಳು ಅತಿಸಂಸ್ಕರಿತ ಎಂಬ ನಾಲ್ಕನೆಯ ಗುಂಪಿಗೆ ಹೋಗುತ್ತವೆ. ನಿನ್ನೆಯ ಎಲೆ ಬಿಸ್ಕತ್ತು ಅಲ್ಲೇ ಇದೆ, ಎಲೆಸಮೇತ.

ಈ ನಾಲ್ಕನೆಯ ಗುಂಪಿನ ಮೇಲಿನ ಅನುಮಾನ ಬರಿಯ ಅಜ್ಜಿಕಥೆಯಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಊಟವನ್ನೂ ಎರಡು ವಾರ ಸಂಸ್ಕರಿಸದ ಊಟವನ್ನೂ ಬಡಿಸಿ, ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಬಡಿಸಿದ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮವಿದ್ದವು. ಆದರೂ ಅತಿಸಂಸ್ಕರಿತ ಊಟದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು ಎಂದು 2019ರಲ್ಲಿ ಪ್ರಕಟವಾಯಿತು. ಇಪ್ಪತ್ತೇ ಜನರ ಅಧ್ಯಯನ, ಒಪ್ಪುತ್ತೇನೆ. ಆದರೆ ಪೊಟ್ಟಣ ತೆರೆದ ಮೇಲೆ ಎರಡೇ ಬಿಸ್ಕತ್ತು ತಿಂದು ಮುಚ್ಚಿಟ್ಟ ಮಹನೀಯರು ನಿಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ.

ಈಗ ನನ್ನ ಬುಡಕ್ಕೇ ನೀರು ತರುವ ಸಂಗತಿಯನ್ನೂ ನಾನೇ ಹೇಳುತ್ತೇನೆ, ಯಾಕೆಂದರೆ ನಾನು ಬಿಟ್ಟರೂ ನನ್ನ ಸ್ನೇಹಿತರ ಪೈಕಿ ಒಬ್ಬರು ಬಿಡುವುದಿಲ್ಲ. ಅದೇ ಅಧ್ಯಯನದಲ್ಲಿ ಸಂಸ್ಕರಿಸದ ಊಟದ ಸಾಮಗ್ರಿಗೆ ತಗಲಿದ ಖರ್ಚು ಅತಿಸಂಸ್ಕರಿತ ಊಟದ ಖರ್ಚಿಗಿಂತ ಸುಮಾರು ಶೇ 40ರಷ್ಟು ಹೆಚ್ಚಿತ್ತು. ಹಾಗಾದರೆ ಬಡವರು ಪೊಟ್ಟಣವನ್ನೇ ತಿನ್ನಬೇಕಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಆ ಊಟದ ಪಟ್ಟಿಯಲ್ಲಿ ತಾಜಾ ಮೀನು, ಮಾಂಸ, ಸಲಾಡುಗಳಿದ್ದವು. ಕೈ ಬಿಗಿಯಿರುವವರು ಸಂಸ್ಕರಿಸದ ಆಹಾರಕ್ಕೆ ಇಳಿಯುವುದು ಆ ಬಾಗಿಲಿನಿಂದಲ್ಲ. ಒಣ ಕಾಳು, ಅಕ್ಕಿ, ಓಟ್ಸ್, ಮೊಟ್ಟೆ, ಆಲೂಗಡ್ಡೆ, ಎಲೆಕೋಸುಗಳ ಬಾಗಿಲಿನಿಂದ. ಒಂದು ಕಿಲೋ ಒಣ ಕಾಳು ನೆನೆದು ಬೆಂದರೆ ಎರಡು ಕಿಲೋಗೂ ಮೀರುತ್ತದೆ. ಪೊಟ್ಟಣದ ತಿನಿಸು ಎಷ್ಟು ಬೇಯಿಸಿದರೂ ಒಂದು ತುತ್ತೂ ಹೆಚ್ಚುವುದಿಲ್ಲ. ಕಾಳು ಬೇಯಿಸಲು ಇಂಧನ ಬೇಕು, ಅದಕ್ಕಿಂತ ಮುಖ್ಯವಾಗಿ ಹೊತ್ತು ಬೇಕು ಎಂಬ ಮಾತಿಗೆ ಮಾತ್ರ ನನ್ನಲ್ಲಿ ಚುರುಕಾದ ಉತ್ತರವಿಲ್ಲ. ಎರಡು ಪಾಳಿ ದುಡಿದು ಬಂದವರಿಗೆ ರಾತ್ರಿಯೇ ಕಾಳು ನೆನೆಹಾಕಬಾರದಿತ್ತೇ ಎಂದು ಕೇಳುವಷ್ಟು ನಾನಿನ್ನೂ ಕೆಟ್ಟಿಲ್ಲ.

ಸಾವಯವವೇ ಸುಳ್ಳು ಎಂದು ನಾನು ಹೇಳುತ್ತಿದ್ದೇನೆ ಎಂದು ಅರ್ಥಮಾಡಿಕೊಂಡು ಈಗಾಗಲೇ ತೋಳೇರಿಸಿದವರು ದಯವಿಟ್ಟು ಇಳಿಸಿ. ಹೊಲವನ್ನು ಸಾವಯವಕ್ಕೆ ತಿರುಗಿಸಿದ ಬೇಸಾಯಗಾರರು ಪ್ರಮಾಣಪತ್ರಕ್ಕಾಗಿ ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯಬೇಕು; ಆ ಅವಧಿಯಲ್ಲಿ ಇಳುವರಿ ಇಳಿದಿರುತ್ತದೆ, ಬೆಲೆಯೂ ಸಾಮಾನ್ಯ ಬೆಳೆಯದ್ದೇ ಸಿಗುತ್ತದೆ, ತಪಾಸಣೆಯ ಖರ್ಚು ತಲೆಯ ಮೇಲೆ. ಅವರು ಹೆಚ್ಚು ಕೇಳುವುದು ನ್ಯಾಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಪೋಷಕಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಕೀಟನಾಶಕದ ಉಳಿಕೆ ಮಾತ್ರ ಸಾವಯವದಲ್ಲಿ ಕಡಿಮೆ ಎಂದರು. 2014ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 343 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸಾವಯವ ಬೆಳೆಯಲ್ಲಿ ದೇಹದ ಕೋಶಗಳನ್ನು ಹಾನಿಯಿಂದ ಕಾಯುತ್ತವೆ ಎನ್ನಲಾಗುವ ಆ್ಯಂಟಿಆಕ್ಸಿಡೆಂಟ್‌ಗಳು ಹೆಚ್ಚು, ವಿಷಕಾರಿ ಲೋಹವಾದ ಕ್ಯಾಡ್ಮಿಯಂ ಕಡಿಮೆ ಎಂದಿತು. ಉಳಿಕೆ ಕಡಿಮೆ ಎಂಬಲ್ಲಿ ಇಬ್ಬರೂ ಒಂದಾಗುತ್ತಾರೆ. ಹಾಗೆಂದು ಸಾವಯವವೆಂದರೆ ಸಿಂಪಡಣೆಯೇ ಇಲ್ಲ ಎಂದಲ್ಲ; ತಾಮ್ರದ ಲವಣಗಳಿಗೂ ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಮ್‌ಗೂ ಹಲವು ದೇಶಗಳ ಸಾವಯವ ನಿಯಮಗಳಲ್ಲಿ ಅನುಮತಿಯಿದೆ.

ಆದ್ದರಿಂದ ಸಾವಯವಕ್ಕೆಂದು ತೆಗೆದಿಟ್ಟ ಚಿಕ್ಕ ಮೊತ್ತವನ್ನು ನಾನು ಹಸಿಯಾಗಿ, ಸಿಪ್ಪೆಸಮೇತ ತಿನ್ನುವ ಹಣ್ಣಿಗೂ ಸೊಪ್ಪಿಗೂ ಮೀಸಲಿಡುತ್ತೇನೆ. ಈರುಳ್ಳಿ, ಅನಾನಸ್, ಎಲೆಕೋಸಿನಂಥವುಗಳ ಹೊರಪದರವನ್ನು ಹೇಗೂ ಸುಲಿದು ಎಸೆಯುತ್ತೇವೆ, ಅವುಗಳ ಮಟ್ಟಿಗೆ ಎಲೆಯ ಮುದ್ರೆಯನ್ನು ಹುಡುಕುವುದಿಲ್ಲ. ಸಾಧಾರಣ ಸೇಬು ತಂದರೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಕಾಲು ಗಂಟೆ ಇಡುತ್ತೇನೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಕೀಟನಾಶಕ ಮತ್ತು ಒಂದು ಶಿಲೀಂಧ್ರನಾಶಕದ ಮೇಲೆ ಪ್ರಯೋಗಿಸಿ, ಸಿಪ್ಪೆಯ ಮೇಲಿನ ಉಳಿಕೆ ಹೀಗೆ ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ ಎಂದು ಕಂಡಿದ್ದರು. ಅಲ್ಲಿಗೆ ನನ್ನ ಸಾವಯವ ಖಾತೆ ಮುಗಿಯಿತು. ಉಳಿದ ಹಣವೆಲ್ಲ ಒಣ ಕಾಳಿಗೂ ಮೊಟ್ಟೆಗೂ ಹೆಪ್ಪುಗಟ್ಟಿಸಿದ ಬಟಾಣಿಗೂ ಹೋಗುತ್ತದೆ. ಕೊಯ್ದ ಕೆಲವೇ ತಾಸುಗಳಲ್ಲಿ ಬಿಸಿನೀರಿಗೆ ಹಾಕಿ ತೆಗೆದು ಹೆಪ್ಪುಗಟ್ಟಿಸಿದ ಬಟಾಣಿ, ವಾರದಿಂದ ಅಂಗಡಿಯಲ್ಲಿ ಬಾಡುತ್ತಿರುವ "ತಾಜಾ" ಬಟಾಣಿಗೆ ಒಟ್ಟಾರೆ ಕಡಿಮೆಯೇನಲ್ಲ. ಬೆಲೆಯನ್ನು ಪೊಟ್ಟಣಕ್ಕೆ ಹೋಲಿಸದೆ ಕಿಲೋ ಲೆಕ್ಕಕ್ಕೆ ತಂದು ಹೋಲಿಸುವುದು ನನ್ನ ಹಳೆಯ ಚಟ. ಅದನ್ನು ಮಾಡಿನೋಡಿದರೆ ಕಪಾಟಿನ ಮುಕ್ಕಾಲು ಪಾಲು ಮುಖವಾಡ ಕಳಚಿಬೀಳುತ್ತದೆ.

ಹಿಂದೊಮ್ಮೆ ಇದನ್ನೇ ಬರೆದಾಗ ಸ್ನೇಹಿತರೊಬ್ಬರು, "ಅಕ್ಕ, ಇವತ್ತು ಬೇಸಾಯಗಾರರಿಗೆ ಕೊಡದಿದ್ದರೆ ನಾಳೆ ಆಸ್ಪತ್ರೆಗೆ ಕೊಡುತ್ತೀರಿ" ಎಂದು ಬುದ್ಧಿ ಹೇಳಿದ್ದರು. ಕೇಳಲು ಚೆನ್ನಾಗಿರುವ ಮಾತು. ಆದರೆ ನಿನ್ನೆ ಆ ತಾಯಿ ಬಿಸ್ಕತ್ತಿಗೆ ಕೊಟ್ಟ ಹೆಚ್ಚುವರಿ ಹಣದಲ್ಲಿ ಬೇಸಾಯಗಾರರ ಕೈ ಸೇರಿದ್ದೆಷ್ಟು, ಎಲೆಯ ಚಿತ್ರ ಬರೆದವರ ಕೈ ಸೇರಿದ್ದೆಷ್ಟು ಎಂಬಂಥ ಲೆಕ್ಕವನ್ನು ಆ ಸ್ನೇಹಿತರೂ ಕೊಡಲಿಲ್ಲ, ಪೊಟ್ಟಣದ ಬೆನ್ನಿನ ಮೇಲೂ ಇರಲಿಲ್ಲ. ಆಸ್ಪತ್ರೆಯ ಭಯ ಹುಟ್ಟಿಸಿ ಏಳು ಚಮಚ ಸಕ್ಕರೆ ಮಾರುವುದು ಯಾವ ಬೇಸಾಯದ ಉದ್ಧಾರವೋ ನನಗೆ ಅರ್ಥವಾಗಿಲ್ಲ.

ಇಷ್ಟು ಜೋರಾಗಿ ಬೈಯುವ ಯೋಗ್ಯತೆ ನನಗಿದೆಯೇ ಎಂದು ಕೇಳಿದರೆ, ಇಲ್ಲ. ಕೆಲಸ ಬಿಟ್ಟು ಆದಾಯ ಅರ್ಧಕ್ಕಿಳಿದ ಆ ವರ್ಷ ನಿಮ್ಮಲ್ಲಿ ಹಲವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದಿರಿ. ಅಡುಗೆಮನೆಯ ಕಟ್ಟೆಯ ಮೇಲೆ ಎಲೆಯ ಚಿತ್ರದ ಚೀಟಿಯಿದ್ದ ದೊಡ್ಡ ಗಾಜಿನ ಜಾಡಿ ನೆನಪಿರಬಹುದು. ಒಬ್ಬರಂತೂ ಅದನ್ನು ಎತ್ತಿ ನೋಡಿ, "ನಿಮ್ಮ ಮನೆಯಲ್ಲಿ ಎಲ್ಲ ಸಾವಯವವೇ" ಎಂದು ಮೆಚ್ಚಿದ್ದರು. ಆ ಜಾಡಿಯನ್ನು ಕೊಂಡದ್ದು ಒಂದೇ ಸಲ. ಸಾವಯವ ಕಾಳು ಮುಗಿದ ಮೇಲೆ, ಬಿಡಿಯಾಗಿ ಅಳೆದು ಕೊಡುವ ಎಲ್ಲಕ್ಕಿಂತ ಅಗ್ಗದ ಕಾಳನ್ನು ತಂದು, ನೀವು ಬರುವ ಮುಂಚೆ ಅದಕ್ಕೆ ತುಂಬಿಸಿ, ಚೀಟಿ ಕಾಣುವಂತೆ ತಿರುಗಿಸಿ ಇಡುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೇರೆಯವರನ್ನು ಆಡಿಕೊಂಡವಳು ನಾನೇ. ನೀವು ಹೊಗಳಿದ ಊಟ ಆ ಅಗ್ಗದ ಕಾಳಿನದು. ಮೆಚ್ಚಿದ ಸ್ನೇಹಿತರಿಗೆ ಅಂದು ನಾನು ನಕ್ಕು ಸುಮ್ಮನಾದೆ, ಅಲ್ಲ ಎನ್ನಲಿಲ್ಲ. ನಿನ್ನೆ ಸಾಲಿನಲ್ಲಿ ಆ ತಾಯಿಯ ತಗ್ಗಿದ ದನಿ ನನಗೆ ಅಷ್ಟು ಪರಿಚಿತವಾಗಿ ಕೇಳಿಸಿದ್ದು ಅದಕ್ಕೇ ಇರಬೇಕು.

ನಿನ್ನೆ ಮನೆಗೆ ಬಂದವಳೇ ಆ ಜಾಡಿಯ ಚೀಟಿ ಕಿತ್ತುಹಾಕಬೇಕೆಂದು ಬಿಸಿನೀರಿನಲ್ಲಿ ನೆನೆಸಿದೆ. ಇವತ್ತು ಬೆಳಿಗ್ಗೆ ಚಾಕುವಿನ ಬೆನ್ನಿನಿಂದ ಕೆರೆದಾಗ ಕಂಪನಿಯ ಹೆಸರು, ತೂಕ, ತಾರೀಖು ಎಲ್ಲವೂ ಸಲೀಸಾಗಿ ಎದ್ದುಬಂದವು. ಎಲೆ ಮಾತ್ರ ಇನ್ನೂ ಅಂಟಿಕೊಂಡಿದೆ.